ಹಳೆ ವಾಚಿನ ಬೆನ್ನು ತೆರೆಸಿ ನೋಡಿ

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದರ ಹಿಂದೊಂದು ದಾಟುತ್ತದೆ. ಈ ಮೂರು ಪೇಟೆಗಳಲ್ಲಿ ಹಳೆ ಕೈಗಡಿಯಾರ ಹುಡುಕಬೇಕೆನ್ನುವವರು ‘ಹಳೆ ವಾಚು ಸಿಗುತ್ತವೆ’ ಎಂಬ ಬೋರ್ಡಿಗಾಗಿ ಕಾದರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಬ್ರಿಟನ್ನಿನ ಊರುಗಳಲ್ಲಾದರೆ ಧರ್ಮಾರ್ಥ ಸಂಸ್ಥೆಗಳು ನಡೆಸುವ ಅಂಗಡಿಗಳಿವೆ. ಜನ ತಮಗೆ ಬೇಡವಾದ ಬಟ್ಟೆ, ಪುಸ್ತಕ, ಗಡಿಯಾರಗಳನ್ನು ಅಲ್ಲಿಗೆ ದಾನವಾಗಿ ಕೊಡುತ್ತಾರೆ, ಮಾರಿ ಬಂದ ಹಣ ಸಂಸ್ಥೆಯ ಕೆಲಸಕ್ಕೆ ಹೋಗುತ್ತದೆ. ಅಲ್ಲಿನ ಹವ್ಯಾಸಿಗಳು ವಾಚು ಹುಡುಕುವುದು ಇಂಥ ಅಂಗಡಿಗಳ ಗಾಜಿನ ಕಪಾಟಿನಲ್ಲಿ. ನಮ್ಮಲ್ಲಿ ಹಳೆ ವಸ್ತು ಸಾಗುವ ದಾರಿ ಬೇರೆ. ಅಪ್ಪನ ವಾಚು ಮಗನಿಗೆ, ಅವನಿಗೆ ಬೇಡವಾದರೆ ಅಳಿಯನಿಗೆ ಹೋಗುತ್ತದೆ. ಯಾರಿಗೂ ಬೇಡವಾದದ್ದು ಟ್ರಂಕಿನ ತಳ ಸೇರುತ್ತದೆ, ಇಲ್ಲವೇ ಹಳೆ ಹಿತ್ತಾಳೆ ಸಾಮಾನಿನ ಜೊತೆ ಮೋಡ್ಕಾ ಅಂಗಡಿಯ ತಕ್ಕಡಿ ಏರುತ್ತದೆ. ಇವೆರಡರ ನಡುವೆ ಮೂರನೆಯದೊಂದು ತಾಣವಿದೆ. ಅದು ಬಸ್ ನಿಲ್ದಾಣದ ಆಸುಪಾಸಿನಲ್ಲೋ ಪೇಟೆಯ ಓಣಿಯಲ್ಲೋ ಗೋಡೆಗೆ ಒತ್ತಿಕೊಂಡು ನಿಂತ ವಾಚ್ ರಿಪೇರಿಯ ಗಾಜಿನ ಪೆಟ್ಟಿಗೆ. ರಿಪೇರಿಗೆಂದು ಕೊಟ್ಟು ಮರಳಿ ಒಯ್ಯದ ವಾಚುಗಳು, ಬಿಡಿಭಾಗಕ್ಕೆಂದು ಬಿಚ್ಚಿಟ್ಟ ಮಷೀನುಗಳು, ಹಳೆ ಮುಳ್ಳುಗಳ ಡಬ್ಬಿಗಳು ಅಲ್ಲಿ ಉಳಿದುಕೊಂಡಿವೆ. ಹಳೆ ವಾಚು ಸಿಗುವ ಜಾಗ ಎಂಬುದಕ್ಕಿಂತ, ಅದನ್ನು ಗುರುತಿಸುವ ವಿದ್ಯೆ ಇಂದಿಗೂ ಉಳಿದಿರುವ ಜಾಗ ಎಂಬ ಕಾರಣಕ್ಕೆ ಆ ಪೆಟ್ಟಿಗೆ ಮುಖ್ಯ. ವಾಚನ್ನು ಗುರುತಿಸುವುದೆಂದರೆ ಡಯಲಿನ ಮೇಲಿನ ಹೆಸರು ಓದುವುದಲ್ಲ, ಬೆನ್ನು ತೆರೆಸಿ ಒಳಗನ್ನು ಓದುವುದು ಎಂಬುದೇ ಈ ಲೇಖನದ ವಾದ.

ಈ ಸೀಮೆಯಲ್ಲಿ ಸಿಗುವ ಹಳೆ ವಾಚುಗಳಲ್ಲಿ ಎಚ್‌ಎಂಟಿಯದೇ ಕಾರುಬಾರು ಎಂದರೆ ಯಾರಿಗೂ ಅಚ್ಚರಿಯಾಗಲಿಕ್ಕಿಲ್ಲ. 1953ರಲ್ಲಿ ಯಂತ್ರೋಪಕರಣ ತಯಾರಿಸಲೆಂದು ಸ್ಥಾಪನೆಯಾದ ಈ ಸರ್ಕಾರಿ ಕಂಪನಿ, ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ತೆರೆಯಿತು. 1970ರ ದಶಕದ ಕೊನೆಗೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ಕಾಂಚನ್ ಎಂಬ ಹೆಸರುಗಳು ಒಂದು ತಲೆಮಾರಿಗೆ ಮನೆಮಾತಾದವು. ವಾಚು ಕಟ್ಟಿಕೊಳ್ಳುವ ಅಗತ್ಯವೂ ಆಗ ಹಿಗ್ಗುತ್ತಿತ್ತು. ಶಾಲೆಯ ಗಂಟೆ, ಬಸ್ಸಿನ ವೇಳೆ, ಹರಿಹರದ ಮೈಸೂರು ಕಿರ್ಲೋಸ್ಕರ್ ಮತ್ತು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣಂನ ಪಾಲಿಫೈಬರ್ಸ್‌ನಂಥ ಕಾರ್ಖಾನೆಗಳ ಶಿಫ್ಟು ಎಲ್ಲವೂ ಜನರ ದಿನವನ್ನು ನಿಮಿಷಗಳಲ್ಲಿ ಅಳೆಯತೊಡಗಿದ್ದವು. ಮದುವೆಯಲ್ಲಿ ವರನಿಗೆ ವಾಚು, ನಿವೃತ್ತರಾದ ಮೇಷ್ಟ್ರಿಗೆ ವಾಚು ಎಂಬ ಪದ್ಧತಿ ಬೆಳೆದದ್ದೂ ಇದೇ ಕಾಲದಲ್ಲಿ. 1984ರಲ್ಲಿ ಟೈಟಾನ್ ಕಂಪನಿ ಹುಟ್ಟಿ, ಹೊಸೂರಿನಲ್ಲಿ ತಯಾರಾದ ಅದರ ಸೆಲ್ ವಾಚುಗಳು ಪೇಟೆಗೆ ಬಂದ ಮೇಲೆ ಕೀಲಿ ಕೊಡುವ ವಾಚಿನ ಇಳಿಗಾಲ ಶುರುವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಹೆಸರಿಗೆ ಹಂಬಲ ಹೆಚ್ಚಿದ್ದು ಆಮೇಲೆ, ಹಂಬಲದ ಬೆನ್ನಿಗೇ ನಕಲಿಯೂ ಬಂತು.

ನಕಲಿ ಇಷ್ಟು ಸಲೀಸಾದದ್ದಕ್ಕೆ ಕಾರಣ ವಾಚಿನ ರಚನೆಯಲ್ಲೇ ಇದೆ. ಜನತಾ, ಪೈಲಟ್ ಸೇರಿ ಎಚ್‌ಎಂಟಿಯ ಹಲವು ಕೀಲಿ ವಾಚುಗಳ ಒಳಗಿರುವುದು ಸಿಟಿಜನ್ ಮೂಲದ ಒಂದೇ ಬಗೆಯ ಮಷೀನು. 0231 ಎಂಬ ಸಂಖ್ಯೆಯಿಂದ ರಿಪೇರಿಯವರಿಗೆ ಅದು ಚಿರಪರಿಚಿತ. ಕಾರ್ಖಾನೆಗೆ ಇದು ಜಾಣತನ. ಬಿಡಿಭಾಗ ಅಗ್ಗವಾಗುತ್ತದೆ, ಬ್ಯಾಡಗಿಯಲ್ಲಿ ಕೂತ ರಿಪೇರಿಯವರಿಗೂ ಒಂದು ಮಷೀನು ಗೊತ್ತಿದ್ದರೆ ಹತ್ತು ಮಾದರಿ ಗೊತ್ತಿದ್ದಂತೆ. ಆದರೆ ಇದೇ ಅನುಕೂಲ ಮೋಸಗಾರನಿಗೂ ಒದಗುತ್ತದೆ. ಜನತಾದ ಸವೆದ ಡಯಲು ಕಿತ್ತು, ಕಪ್ಪು ಬಣ್ಣ ಬಳಿದು ‘ಪೈಲಟ್’ ಎಂದು ಅಚ್ಚೊತ್ತಿದ ಹೊಸ ಡಯಲು ಕೂರಿಸಿದರೆ ಹೆಚ್ಚು ಬೆಲೆಯ ವಾಚು ಸಿದ್ಧ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಪಳಗಿದ ಖರೀದಿದಾರ ಚೀಲದ ಬಾಯಲ್ಲಿನ ಕಾಯಿಯ ಕೆಂಪು ನೋಡಿ ದರ ಕಟ್ಟುವುದಿಲ್ಲ, ಒಳಗೆ ಕೈಹಾಕಿ ಕಾಯಿ ತೆಗೆದು ಮುರಿದು ನೋಡುತ್ತಾನೆ. ವಾಚಿನ ವಿಷಯದಲ್ಲೂ ಅದೇ ಎಚ್ಚರ ಬೇಕು.

ಹಾಗಿದ್ದರೆ ನೋಡುವುದು ಏನನ್ನು? ಮೊದಲು ಹೊರಗಿನಿಂದ. ಸಾಮಾನ್ಯ ಎಚ್‌ಎಂಟಿಯ ಕೇಸು ಹಿತ್ತಾಳೆಯದು, ಮೇಲೆ ಕ್ರೋಮಿಯಂ ಲೇಪ, ಬೆನ್ನು ಮಾತ್ರ ಸ್ಟೀಲಿನದು. ಬೆವರು ತಾಗುವ ಕಡೆ, ಅಂದರೆ ಬೆಲ್ಟು ಸಿಕ್ಕಿಸುವ ಕೊಂಬುಗಳ ಒಳಬದಿಯಲ್ಲಿ, ಲೇಪ ಎದ್ದು ಹಳದಿ ಹಿತ್ತಾಳೆ ಇಣುಕುವುದು ದುಡಿದ ವಾಚಿನ ಸಹಜ ಲಕ್ಷಣ. ಕೇಸು ಕನ್ನಡಿಯಂತೆ ಹೊಳೆಯುತ್ತ, ಅಂಚುಗಳೆಲ್ಲ ದುಂಡಗಾಗಿ, ಬೆನ್ನಿನ ಅಕ್ಷರ ಮಾತ್ರ ಮಸುಕಾಗಿದ್ದರೆ ಅದನ್ನು ಉಜ್ಜಿ ಮರುಲೇಪ ಮಾಡಿದ್ದಾರೆಂದು ತಿಳಿಯಬಹುದು. ಆಮೇಲೆ ಡಯಲು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರ ತೆಳುವಾಗಿ, ಅಂಚು ಚೂಪಾಗಿ ಇರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಎದುರಾಗುತ್ತವೆ. ಮತ್ತೆ ಬಳಿದ ಡಯಲಿನಲ್ಲಿ ಅಕ್ಷರ ದಪ್ಪವಾಗಿ ಬಣ್ಣ ಹರಡಿಕೊಂಡಿರುತ್ತದೆ, ಗೆರೆ ಅತ್ತಿತ್ತ ಸರಿದಿರುತ್ತದೆ, ಆರರ ಕೆಳಗೆ ಅಂಚಿನಲ್ಲಿರಬೇಕಾದ ಕಣ್ಣಿಗೆ ಕಾಣದಷ್ಟು ಸಣ್ಣ ಸಂಖ್ಯೆಗಳು ಅಳಿಸಿಹೋಗಿರುತ್ತವೆ. ತಾರೀಖಿನ ಕಿಂಡಿಯಿದ್ದರೆ ಅದರ ಅಂಚಿಗೂ ಬಣ್ಣ ಮೆತ್ತಿರುತ್ತದೆ. ನಿಮಿಷದ ಮುಳ್ಳು ನಿಮಿಷದ ಗೆರೆಯನ್ನು ಮುಟ್ಟುವಂತಿರಬೇಕು. ಗಿಡ್ಡವಿದ್ದರೆ ಅದು ಬೇರೆ ವಾಚಿನದು. ಕತ್ತಲಲ್ಲಿ ಹೊಳೆಯುವ ಮದ್ದು ಡಯಲಿನ ಮೇಲೆ ಹಳದಿಗಟ್ಟಿ, ಮುಳ್ಳಿನ ಮೇಲೆ ಮಾತ್ರ ಅಚ್ಚ ಹಸಿರಾಗಿದ್ದರೆ ಅವೆರಡೂ ಒಟ್ಟಿಗೆ ವಯಸ್ಸಾದವಲ್ಲ.

ಇಷ್ಟೆಲ್ಲ ನೋಡಿದರೂ ಇವು ಅನುಮಾನಗಳಷ್ಟೆ, ತೀರ್ಪು ಬೆನ್ನು ತೆರೆದ ಮೇಲೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ರಿಪೇರಿಯವರು ಸಂದಿನಲ್ಲಿ ಚಾಕುವಿನ ತುದಿ ಇಟ್ಟು ಒತ್ತಿದರೆ ಬೆನ್ನು ಟಕ್ಕೆಂದು ಏಳುತ್ತದೆ. ಒಳಗೆ ಸೆಕೆಂಡಿಗೆ ಐದು ಬಡಿತದಂತೆ, ಗಂಟೆಗೆ 18,000 ಬಾರಿ, ಬ್ಯಾಲೆನ್ಸ್ ಚಕ್ರ ತೂಗುತ್ತಿರುತ್ತದೆ. ಅದು ಅಗಲವಾಗಿ, ಒಂದೇ ಸಮನೆ ತೂಗಿದರೆ ಆರೋಗ್ಯ ಚೆನ್ನಾಗಿದೆ; ತಡವರಿಸಿದರೆ ಎಣ್ಣೆ ಒಣಗಿದೆ ಅಥವಾ ಅಚ್ಚು ಸವೆದಿದೆ. ಮಷೀನಿನ ಮೇಲೆ ಕಂಪನಿಯ ಹೆಸರು, ಸಂಖ್ಯೆ, ಎಷ್ಟು ಜ್ಯುವೆಲ್ ಎಂಬುದು ಕೆತ್ತಿರುತ್ತದೆ. ಜ್ಯುವೆಲ್ ಎಂದರೆ ಸವೆತ ತಡೆಯಲು ಅಚ್ಚುಗಳ ತುದಿಗೆ ಕೂರಿಸಿದ ಕೃತಕ ಮಾಣಿಕ್ಯದ ಕಲ್ಲುಗಳು. ಡಯಲಿನಲ್ಲಿ 21 ಎಂದಿದ್ದು ಮಷೀನಿನಲ್ಲಿ 17 ಎಂದಿದ್ದರೆ, ಡಯಲಿನಲ್ಲಿ ‘ಆಟೊಮ್ಯಾಟಿಕ್’ ಎಂದಿದ್ದು ಒಳಗೆ ಕೈ ಅಲುಗಿದಂತೆ ತಿರುಗುವ ಅರ್ಧಚಂದ್ರದ ತೂಕವೇ ಇಲ್ಲದಿದ್ದರೆ, ಮಾತು ಅಲ್ಲಿಗೆ ಮುಗಿಯಿತು. ಬೆನ್ನಿನ ಒಳಮೈಯನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಸರ್ವಿಸ್ ಮಾಡಿದವರು ಸೂಜಿಯಿಂದ ಗೀರಿಟ್ಟ ಗುರುತೋ ತಾರೀಖೋ ಅಲ್ಲಿ ಕಾಣಬಹುದು. ಆ ವಾಚು ಯಾರ ಕೈಯಲ್ಲಾದರೂ ವರ್ಷಗಟ್ಟಲೆ ನಡೆದಿತ್ತು ಎಂಬುದಕ್ಕೆ ಇದಕ್ಕಿಂತ ನಂಬಿಕೆಯ ದಾಖಲೆ ಬೇರೆ ಸಿಗುವುದು ಕಷ್ಟ.

ವಿದೇಶಿ ವಾಚುಗಳಿಗೂ ಇದೇ ನಿಯಮ, ಓದುವ ಲಿಪಿ ಮಾತ್ರ ಬೇರೆ. ಸೈಕೊದ ಬೆನ್ನಿನ ಮೇಲೆ ಮಷೀನಿನ ಸಂಖ್ಯೆಯೂ ಕ್ರಮಸಂಖ್ಯೆಯೂ ಇರುತ್ತವೆ. ಹಳೆಯ ವಾಚುಗಳ ಕ್ರಮಸಂಖ್ಯೆಯಲ್ಲಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ದಶಕವನ್ನು ಮಷೀನಿನ ಸಂಖ್ಯೆಯಿಂದ ಊಹಿಸಬೇಕು. 6119 ಎಂಬ ಮಷೀನಿನ ವಾಚಿನ ಕ್ರಮಸಂಖ್ಯೆ 1ರಿಂದ ಶುರುವಾದರೆ ಅದು 1971ರದು, 1981ರದಲ್ಲ. ಆ ಹೊತ್ತಿಗೆ ಆ ಮಷೀನಿನ ಕಾಲ ಮುಗಿದಿತ್ತು. ಎಚ್‌ಎಂಟಿಗಿಂತ ಮೊದಲೇ ಈ ದೇಶದ ಪೇಟೆಯಲ್ಲಿ ಬೇರೂರಿದ್ದ ಫಾವ್ರ್-ಲೂಬಾ, ವೆಸ್ಟ್ ಎಂಡ್‌ನಂಥ ಸ್ವಿಸ್ ಹೆಸರುಗಳಿಗೆ ಮರುಬಣ್ಣದ ಹಾವಳಿ ಇನ್ನೂ ಹೆಚ್ಚು. ತೀರ ಹಳೆಯ ವಾಚುಗಳಲ್ಲಿ ಒಂದು ಎಚ್ಚರವೂ ಬೇಕು. 1960ರ ದಶಕಕ್ಕೂ ಮುಂಚಿನ ಹೊಳೆಯುವ ಮದ್ದಿನಲ್ಲಿ ರೇಡಿಯಂ ಇರಬಹುದು. ಹೊಳಪು ಆರಿದ್ದರೂ ಅದರ ವಿಕಿರಣ ಆರಿರುವುದಿಲ್ಲ, ಆದ್ದರಿಂದ ಅದನ್ನು ಕೆರೆಯಬಾರದು, ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬಾರದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ರಿಪೇರಿಯವರನ್ನು ಅಸಲಿಯ ಕಾವಲುಗಾರರೆಂದು ಹೊಗಳುವುದು ಸರಿಯೇ? ಒಂದು ವಾಚಿನ ಚಕ್ರ ಇನ್ನೊಂದಕ್ಕೆ, ಒಂದರ ಮುಳ್ಳು ಮತ್ತೊಂದಕ್ಕೆ ಹಾಕಿ ಎಲ್ಲವನ್ನೂ ಕಲಬೆರಕೆ ಮಾಡಿದವರು ಅವರೇ ಅಲ್ಲವೇ? ಮಾತಿನಲ್ಲಿ ಸತ್ಯವಿದೆ. ಅವರ ಮೇಜಿಗೆ ಬಂದ ಗಿರಾಕಿ ಕೇಳಿದ್ದು ನಾಳೆ ಬೆಳಿಗ್ಗೆ ನಡೆಯುವ ವಾಚನ್ನೇ ಹೊರತು ಕಾರ್ಖಾನೆಯಿಂದ ಹೊರಬಂದ ಸ್ಥಿತಿಯನ್ನಲ್ಲ. ಅದಕ್ಕೆಂದೇ 0231ರ ಮುರಿದ ಬ್ಯಾಲೆನ್ಸಿಗೆ ಇನ್ನೊಂದು 0231ರ ಬ್ಯಾಲೆನ್ಸ್ ಬಂತು. ಆದರೆ ಈ ಬದಲಾವಣೆಗೂ ಡಯಲಿಗೆ ಬಣ್ಣ ಬಳಿಯುವುದಕ್ಕೂ ದೊಡ್ಡ ಅಂತರವಿದೆ. ಮೊದಲನೆಯದು ವಾಚಿನ ಕೆಲಸವನ್ನು ಉಳಿಸಿತು, ಅದು ಏನೆಂಬುದರ ಬಗ್ಗೆ ಯಾರಿಗೂ ಸುಳ್ಳು ಹೇಳಲಿಲ್ಲ. ಎರಡನೆಯದು ಕೆಲಸಕ್ಕೆ ಏನನ್ನೂ ಸೇರಿಸದೆ ಗುರುತನ್ನು ಮಾತ್ರ ಬದಲಿಸಿತು. ಆದ್ದರಿಂದ ‘ಎಲ್ಲ ಭಾಗವೂ ಮೂಲದ್ದೇ’ ಎಂಬ ಅಳತೆಗೋಲು ದುಡಿದ ವಾಚಿಗೆ ಒಪ್ಪುವುದಿಲ್ಲ. ಡಯಲು, ಕೇಸು, ಮಷೀನು ಮೂರೂ ಒಂದೇ ಮಾತು ಹೇಳುತ್ತವೆಯೇ, ಬದಲಾದದ್ದು ಅದೇ ಕಾಲದ, ಅದೇ ಜಾತಿಯ ಭಾಗವೇ ಎಂಬುದೇ ಸರಿಯಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರೂ ಆ ಭಾಗಗಳನ್ನು ಬದಲಿಸಿದ ಕೈಗಳೇ.

ಎರಡನೆಯ ಆಕ್ಷೇಪ ಮೊಬೈಲ್ ಹಿಡಿದವರದು. ಈಗ ಎಲ್ಲ ಮಾದರಿಯ ಫೋಟೊ ಆನ್‌ಲೈನಿನಲ್ಲಿ ಸಿಗುತ್ತದೆ, ಹೋಲಿಸಿ ನೋಡಿದರಾಯಿತು, ಓಣಿಯ ರಿಪೇರಿಯವರು ಯಾಕೆ ಬೇಕು ಎಂದು ಅವರು ಕೇಳುತ್ತಾರೆ. ಫೋಟೊ ಉಪಯುಕ್ತ, ಆದರೆ ಮಾರುವವರು ಫೋಟೊ ಹಾಕುವುದು ಬಹುಮಟ್ಟಿಗೆ ಡಯಲಿನದೇ, ಅಂದರೆ ನಕಲು ಮಾಡಲು ಎಲ್ಲಕ್ಕಿಂತ ಸುಲಭವಾದ ಭಾಗದ್ದೇ. ‘ಬಳಸದ ಹಳೆ ಸ್ಟಾಕ್’ ಎಂದು ಮಾರುವ ಕಡುಕೆಂಪು, ನವಿಲುಬಣ್ಣದ ಪೈಲಟ್‌ಗಳನ್ನು ಕಂಡು ಮರುಳಾದವರು ಒಳಗಿನ ಫೋಟೊ ಕೇಳಿದ್ದರೆ ಹಣ ಉಳಿಯುತ್ತಿತ್ತು. ಕೀಲಿ ಕೊಡುವಾಗ ಬೆರಳಿಗೆ ಸಿಗುವ ಹಿಡಿತ, ಕಿವಿಗೆ ಹಿಡಿದಾಗಿನ ಸದ್ದಿನ ಸಮ ಇವಂತೂ ಯಾವ ಪರದೆಯಲ್ಲೂ ಸಿಗುವುದಿಲ್ಲ. ಇನ್ನು ಕೆಲವರು, ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ವಾಚಿಗೆ ಇಷ್ಟೇಕೆ ಪರಿಶೀಲನೆ ಎನ್ನುತ್ತಾರೆ. ಅಪರೂಪದ ವಸ್ತುವನ್ನು ಮ್ಯೂಸಿಯಂ ನೋಡಿಕೊಳ್ಳುತ್ತದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ವಸ್ತುಸಂಗ್ರಹಾಲಯದಲ್ಲಿ ಮಾದರಿಗಳು ಭದ್ರವಾಗಿವೆ. ಆದರೆ ಅಲ್ಲಿರುವುದು ಕಾರ್ಖಾನೆಯ ಕಥೆ. ಅದೇ ವಾಚು ರಾಣೆಬೆನ್ನೂರಿನ ಶಿಫ್ಟಿನಲ್ಲಿ, ಹಾವೇರಿಯ ಶಾಲೆಯಲ್ಲಿ ಹೇಗೆ ಸವೆಯಿತು, ಹೇಗೆ ರಿಪೇರಿಯಾಯಿತು ಎಂಬುದನ್ನು ಬಳಸಿದ ಸಾಮಾನ್ಯ ವಾಚು ಮಾತ್ರ ಹೇಳಬಲ್ಲದು. ತುಂಬ ಸಂಖ್ಯೆಯಲ್ಲಿ ಇರುವುದರಿಂದಲೇ ಒಂದರ ಪಕ್ಕ ಒಂದನ್ನಿಟ್ಟು ಯಾವುದು ಸರಿ, ಯಾವುದು ಸೋಗು ಎಂದು ಕಲಿಯಲೂ ಸಾಧ್ಯ.

ಕೊಳ್ಳುವವರ ನಡತೆಯೂ ಈ ವಾದದ ಭಾಗವೇ. ದೊಡ್ಡ ಊರಿನ ಸಂಗ್ರಾಹಕರು ಬಂದು ಮನೆಮನೆಯ ಟ್ರಂಕು ಬರಿದು ಮಾಡಿ ಒಯ್ಯುತ್ತಾರೆ ಎಂಬ ಅಳಲಿನಲ್ಲಿ ಹುರುಳಿಲ್ಲದಿಲ್ಲ. ವಾಚಿನ ನಿಜ ಬೆಲೆ ತಿಳಿದೂ ತಿಳಿಯದಂತೆ ನಟಿಸಿ, ಗಂಡನ ವಾಚು ಮಾರುವ ಹೆಂಗಸಿನ ಕೈಗೆ ಚಿಲ್ಲರೆ ಇಡುವುದು ಜಾಣತನವಲ್ಲ. ಆದರೆ ಯಾರೂ ಕೊಳ್ಳದಿದ್ದರೆ ಆ ವಾಚಿನ ಮುಂದಿನ ನಿಲ್ದಾಣ ಹಿತ್ತಾಳೆ ಕರಗಿಸುವ ಕುಲುಮೆ. ಹೀಗಾಗಿ ಕೊಳ್ಳಬೇಕು, ಆದರೆ ಗುರುತು ಅಳಿಸದಂತೆ ಕೊಳ್ಳಬೇಕು. ಡಯಲು ಮಾಸಿದ್ದರೆ ಮಾಸಿದಂತೆಯೇ ಬಿಡುವುದು, ಬೆನ್ನಿನ ಮೇಲೆ ಕೆತ್ತಿಸಿದ ಹೆಸರನ್ನು ಉಜ್ಜಿಸದಿರುವುದು, ಮಷೀನಿಗೆ ಮಾತ್ರ ಸರ್ವಿಸ್ ಮಾಡಿಸುವುದು ಇದರ ಮೊದಲ ಪಾಠ. ಎರಡನೆಯದು ಇನ್ನೂ ಸರಳ. ರಿಪೇರಿ ಮಾಡಿದವರಿಂದ ಒಂದು ಚೀಟಿ ಬರೆಸಿಕೊಳ್ಳಿ: ಮಷೀನಿನ ಸಂಖ್ಯೆ ಇಷ್ಟು, ಬದಲಿಸಿದ ಭಾಗ ಇದು, ತಾರೀಖು ಇದು. ವಾಚಿನ ಜೊತೆ ಆ ಚೀಟಿಯೂ ಕೈಯಿಂದ ಕೈಗೆ ಹೋದರೆ ಮುಂದಿನವರಿಗೆ ಸುಳ್ಳು ಹೇಳುವುದು ಕಷ್ಟವಾಗುತ್ತದೆ. ಬೆನ್ನು ತೆರೆಸಿ ನೋಡುವುದಕ್ಕೂ ಚೀಟಿ ಬರೆದುಕೊಡುವುದಕ್ಕೂ ನಾಲ್ಕು ಕಾಸು ಹೆಚ್ಚು ಕೊಡುವ ಗಿರಾಕಿ ಇದ್ದರೆ, ಸೆಲ್ಲು ಹಾಕಿ ಬೆಲ್ಟು ಬದಲಿಸಿಯೇ ದಿನ ದೂಡುತ್ತಿರುವ ರಿಪೇರಿಯವರಿಗೂ ತಮ್ಮ ನಿಜವಾದ ವಿದ್ಯೆಯಿಂದ ಸಂಪಾದಿಸುವ ದಾರಿಯೊಂದು ಉಳಿಯುತ್ತದೆ.