ಮಕ್ಕಳ ಧರ್ಮಪುಸ್ತಕಕ್ಕೆ ಚಿತ್ರ ಬರೆಯುವವರು ಎಲ್ಲಿ ಸಿಗುತ್ತಾರೆ?

ಪಂಚಕಲ್ಯಾಣವಿರಲಿ, ನೋಂಪಿಯ ಉದ್ಯಾಪನೆಯಿರಲಿ, ಹಿರಿಯರ ಪುಣ್ಯತಿಥಿಯಿರಲಿ, ಮಕ್ಕಳ ಕೈಗೆ ಒಂದು ಧರ್ಮಕಥೆಯ ಪುಸ್ತಕ ಕೊಡುವುದು ನಮ್ಮ ಶ್ರಾವಕ ಕುಟುಂಬಗಳಲ್ಲಿ ಒಳ್ಳೆಯ ರೂಢಿ. ಶಾಸ್ತ್ರದಾನ ನಮಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳು. ಮೂಡಬಿದಿರೆಯಲ್ಲಿರುವ ಧವಲಾ ಗ್ರಂಥದ ತಾಳೆಗರಿಗಳ ಮೇಲೆ 12ನೆಯ ಶತಮಾನದ ಬಣ್ಣದ ಚಿತ್ರಗಳಿವೆ. ಚಿತ್ರಕ್ಕೂ ಖರ್ಚು ಮಾಡಬೇಕೆಂಬುದು ನಮ್ಮ ಹಿಂದಿನವರಿಗೆ ತಿಳಿದಿತ್ತು.

ಈಗ ನಡೆಯುವುದು ಬೇರೆ. ಕಥೆಯನ್ನು ಪಂಡಿತರಿಂದ ಬರೆಸುತ್ತಾರೆ, ಕಾಗದದ ದರವನ್ನು ನಾಲ್ಕು ಕಡೆ ವಿಚಾರಿಸುತ್ತಾರೆ, ಚಿತ್ರದ ಮಾತು ಬಂದಾಗ ಮಾತ್ರ "ಅದನ್ನು ಪ್ರೆಸ್ಸಿನವರೇ ನೋಡಿಕೊಳ್ಳುತ್ತಾರೆ" ಎಂದುಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ನಡುವಟ್ಟಂನ ನಮ್ಮ ಮನೆಗೆ ಬಂದ ಒಂದು ಕಿರುಪುಸ್ತಕದಲ್ಲಿ ಬಾಹುಬಲಿಯ ಮುಖ ಪುಟದಿಂದ ಪುಟಕ್ಕೆ ಬೇರೆಯಾಗಿತ್ತು. ಮುನಿಗಳ ಕೈಯ ನವಿಲುಗರಿಯ ಪಿಂಛಿ ಕಸಬರಿಗೆಯಂತಿತ್ತು. "ಅಜ್ಜ, ಇವರು ಬೀದಿ ಗುಡಿಸುತ್ತಾರೆಯೇ?" ಎಂದು ಮೊಮ್ಮಗ ಕೇಳಿದ. ಪುಸ್ತಕವನ್ನೆಲ್ಲ ತಿರುವಿಹಾಕಿದರೂ ಚಿತ್ರ ಬರೆದವರ ಹೆಸರಿಲ್ಲ. ದಾನಿಗಳ ಹೆಸರು ಮಾತ್ರ ಎರಡು ಪುಟ!

ಪುಸ್ತಕ ಪ್ರಕಟಿಸುವುದನ್ನೇ ಕಸುಬಾಗಿ ಮಾಡಿಕೊಂಡವರು ಹೀಗೆ ಮಾಡುವುದಿಲ್ಲ. ನಮ್ಮ ಪೀಳಿಗೆಯವರೆಲ್ಲ ಓದಿ ಬೆಳೆದ ಚಂದಮಾಮವನ್ನೇ ನೋಡಿ. ಮದರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು ಚಿತ್ರಕಾರರನ್ನು ಸಂಬಳ ಕೊಟ್ಟು ಕಚೇರಿಯಲ್ಲೇ ಇಟ್ಟುಕೊಂಡಿದ್ದರು. ನಮ್ಮ ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಅಲ್ಲಿ ಬರೆದವರು. ಬೇತಾಳವನ್ನು ಹೆಗಲಿಗೇರಿಸಿಕೊಂಡ ವಿಕ್ರಮನ ಚಿತ್ರ ಬರೆದ ಶಂಕರ್ ಅವರು ಮೊದಲು 'ಕಲೈಮಗಳ್' ಎಂಬ ತಮಿಳು ಪತ್ರಿಕೆಯಲ್ಲಿದ್ದು, ಆಮೇಲೆ ಚಂದಮಾಮಕ್ಕೆ ಬಂದರು. ಅಂದರೆ ಪತ್ರಿಕೆಗಳಲ್ಲಿ ಬಂದ ಕೆಲಸವೇ ಚಿತ್ರಕಾರನ ಶಿಫಾರಸು ಪತ್ರ. ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಚಂದಮಾಮವೂ ನಿಂತುಹೋಗಿದೆ.

ಇಂದು ಸಂಬಳಕ್ಕೆ ಇಟ್ಟುಕೊಳ್ಳುವ ಪ್ರಕಾಶಕರು ಕಡಿಮೆ, ಪುಸ್ತಕಕ್ಕಿಷ್ಟು ಎಂದು ಗೊತ್ತುಮಾಡುತ್ತಾರೆ. ಹುಡುಕುವ ಕಡೆಗಳು ಹಲವು. ಇಟಲಿಯ ಬೊಲೊನ್ಯಾ ನಗರದಲ್ಲಿ 1964ರಿಂದ ಮಕ್ಕಳ ಪುಸ್ತಕದ ಜಾತ್ರೆ ನಡೆಯುತ್ತಿದೆ. ಅಲ್ಲಿ ಚಿತ್ರಕಾರರು ತಮ್ಮ ಚಿತ್ರಗಳನ್ನು ಗೋಡೆಗೆ ಅಂಟಿಸಿ ಹೋಗುತ್ತಾರೆ, ಪ್ರಕಾಶಕರು ಸಂತೆಯಲ್ಲಿ ಮಾಲು ನೋಡಿದಂತೆ ನೋಡುತ್ತ ಬರುತ್ತಾರೆ. ನಾವು ಅಷ್ಟು ದೂರ ಹೋಗಬೇಕಿಲ್ಲ. ಗೂಡಲೂರು ಇಳಿದು ಗುಂಡ್ಲುಪೇಟೆಯ ಮೇಲೆ ಹೋದರೆ ಮೈಸೂರಿನಲ್ಲಿ 'ಕಾವಾ' ಚಿತ್ರಶಾಲೆಯಿದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿದೆ. ಅಲ್ಲಿಯ ಪ್ರದರ್ಶನಗಳಿಗೆ ಒಮ್ಮೆ ಹೋಗಿ ನೋಡಬಹುದು. ಇಲ್ಲದಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಇವರ ಕನ್ನಡ ಪುಸ್ತಕಗಳನ್ನು ಕೊಂಡು, ಮಕ್ಕಳಿಗೆ ಯಾವ ಚಿತ್ರ ಹಿಡಿಸಿತೆಂದು ಕೇಳಿ, ಆ ಹೆಸರು ಬರೆದಿಟ್ಟುಕೊಂಡರೂ ಆಯಿತು. ಇವರು ಚಿತ್ರ ಬರೆದವರ ಹೆಸರನ್ನು ಕಥೆ ಬರೆದವರ ಜೊತೆಗೇ ಹಾಕುತ್ತಾರೆ. ಚೆನ್ನೈನ ತಾರಾ ಬುಕ್ಸ್‌ನವರು ಮಧ್ಯಪ್ರದೇಶದ ಗೊಂಡ ಚಿತ್ರಕಾರರಿಂದ ಪುಸ್ತಕ ಮಾಡಿಸಿದ್ದಾರೆ. ನಮ್ಮ ನೀಲಗಿರಿಯಲ್ಲೇ ಕೋತಗಿರಿಯ ಕಡೆ ಚಿತ್ರ ಬರೆಯುವ ಆಲು ಕುರುಂಬರಿದ್ದಾರೆ. ಕಾಡಿನ ಪ್ರಾಣಿಗಳ ಕಥೆಗೆ ಆ ಕೈ ಎಷ್ಟು ಚೆನ್ನಾಗಿ ಒಪ್ಪೀತು ಎಂದು ನಮಗೆ ಅನೇಕ ಸಲ ಅನ್ನಿಸಿದೆ.

ಹೆಸರು ಸಿಕ್ಕಿದ ಕೂಡಲೇ ಪೂರ್ತಿ ಕೆಲಸ ಒಪ್ಪಿಸಬಾರದು. ಅಕ್ಕಿ ಕೊಳ್ಳುವವರು ಮೊದಲು ಹಿಡಿ ಮಾದರಿ ನೋಡುವುದಿಲ್ಲವೇ? ಪ್ರಕಾಶಕರು ಕಥೆಯ ಒಂದೆರಡು ಸನ್ನಿವೇಶ ಕೊಟ್ಟು ಮಾದರಿ ಬರೆಸುತ್ತಾರೆ. ಸುಂದರವಾಗಿದೆಯೇ ಎಂದಷ್ಟೇ ನೋಡುವುದಿಲ್ಲ. ಅದೇ ಹುಡುಗ ಓಡುವಾಗಲೂ ಅಳುವಾಗಲೂ ಅದೇ ಹುಡುಗನಾಗಿ ಕಾಣುತ್ತಾನೆಯೇ ಎಂದು ನೋಡುತ್ತಾರೆ. ಕ್ಯಾಲೆಂಡರಿನ ಚಿತ್ರಕಾರರು ಅನೇಕರು ಸೋಲುವುದು ಇಲ್ಲೇ. ಮಾದರಿ ಬರೆಸಿದ ಮೇಲೆ ಕೆಲಸ ಕೊಡಲಿ ಬಿಡಲಿ, ಅದಕ್ಕೆ ಹಣ ಕೊಡುವುದು ನ್ಯಾಯ. ಆಮೇಲೆ ಇಡೀ ಪುಸ್ತಕಕ್ಕೆ ಪೆನ್ಸಿಲ್ ಗೆರೆಯ ನಕಲು ತಯಾರಾಗುತ್ತದೆ. ಪುಟಗಳ ಲೆಕ್ಕ 16, 24 ಅಥವಾ 32 ಇರುವುದು ಮುದ್ರಣದ ಹಾಳೆ ಮಡಿಸುವ ಲೆಕ್ಕದಿಂದ.

ಈ ಪೆನ್ಸಿಲ್ ನಕಲಿನ ಹಂತ ನಮ್ಮ ಧರ್ಮಪುಸ್ತಕಗಳಿಗೆ ಬಹಳ ಮುಖ್ಯ. ಬಣ್ಣ ತುಂಬಿದ ಮೇಲೆ ತಿದ್ದು ಎಂದರೆ ಯಾರಿಗೂ ಸಂತೋಷವಿಲ್ಲ. ಹೊರಗಿನ ಕಲಾವಿದರಿಗೆ ನಮ್ಮ ಲಾಂಛನಗಳು ತಿಳಿದಿರಬೇಕೆಂದು ಬಯಸುವುದು ತಪ್ಪು. ಆದಿನಾಥರಿಗೆ ವೃಷಭ, ಪಾರ್ಶ್ವನಾಥರಿಗೆ ಸರ್ಪ, ಮಹಾವೀರರಿಗೆ ಸಿಂಹ ಎಂದು ಬರೆದುಕೊಡಬೇಕು. ಪಿಂಛಿ, ಕಮಂಡಲುಗಳ ಫೋಟೋ ಕೊಡಬೇಕು. ಸಾಧ್ಯವಾದರೆ ಕಲಾವಿದರನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿ, ಗೊಮ್ಮಟನ ತೊಡೆ ತೋಳುಗಳನ್ನು ಬಳಸಿದ ಬಳ್ಳಿಯನ್ನೂ ಕಾಲ ಬಳಿಯ ಹುತ್ತವನ್ನೂ ಕಣ್ಣಾರೆ ತೋರಿಸಬೇಕು. ಆ ಖರ್ಚು ದಂಡವಲ್ಲ.

ಹಣದ ವಿಷಯದಲ್ಲಿ ನಮ್ಮವರು "ಧರ್ಮದ ಕೆಲಸವಲ್ಲವೇ, ಸೇವೆಯೆಂದು ಮಾಡಿಕೊಡಿ" ಎನ್ನುವುದುಂಟು. ಕಾಗದದ ಅಂಗಡಿಯವರಿಗೆ ಈ ಮಾತು ಹೇಳುತ್ತೇವೆಯೇ? ಮುಂಗಡವಿಷ್ಟು, ಪೆನ್ಸಿಲ್ ನಕಲು ಒಪ್ಪಿಗೆಯಾದಾಗ ಇಷ್ಟು, ಬಣ್ಣದ ಚಿತ್ರ ಕೈಸೇರಿದಾಗ ಉಳಿದದ್ದು ಎಂದು ಕರಾರು ಬರೆದುಕೊಳ್ಳಬೇಕು. ಒಂದೇ ಮುದ್ರಣಕ್ಕೋ, ಮರುಮುದ್ರಣಕ್ಕೂ ಸೇರಿಯೋ, ತಮಿಳು ಹಿಂದಿಗಳಲ್ಲೂ ಅದೇ ಚಿತ್ರ ಬಳಸುತ್ತೇವೆಯೋ ಎಂಬುದೂ ಅದರಲ್ಲೇ ಇರಲಿ. ತೂಲಿಕಾದವರ ಒಂದೇ ಚಿತ್ರಪುಸ್ತಕ ಹಲವು ಭಾಷೆಗಳಲ್ಲಿ ಬರುತ್ತದೆ, ಬದಲಾಗುವುದು ಅಕ್ಷರ ಮಾತ್ರ. ನಾಲ್ಕು ಊರಿನ ಸಮಾಜಗಳು ಕೂಡಿದರೆ ಚಿತ್ರದ ಖರ್ಚು ಹಾಗೆಯೇ ಹಂಚಿಹೋಗುತ್ತದೆ. ಹಕ್ಕನ್ನು ಬರೆದುಕೊಟ್ಟ ಮೇಲೂ, ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಅಧಿಕಾರ ಕಲಾವಿದರಿಗೆ 1957ರ ಕಾಯಿದೆಯಲ್ಲಿಯೇ ಇದೆ. ದಾನಿಗಳ ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾದರೂ ಆ ಹೆಸರು ಅಚ್ಚಾಗಬೇಕು.

ಮಹಾಮಸ್ತಕಾಭಿಷೇಕ 2018ರಲ್ಲಿ ನಡೆಯಿತು, ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಆಗ ಮಕ್ಕಳಿಗೆ ಬಾಹುಬಲಿಯ ಕಥೆ ಹಂಚಬೇಕೆನ್ನುವ ಮನೆತನಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಬ್ಬ ಒಳ್ಳೆಯ ಕಲಾವಿದ 32 ಪುಟಕ್ಕೆ ಚಿತ್ರ ಬರೆಯಲು ಹಲವು ತಿಂಗಳು ಬೇಕು. ಕೊನೆಯ ತಿಂಗಳಲ್ಲಿ ಓಡಿದವರಿಗೆ ಕ್ಯಾಲೆಂಡರಿನ ಚಿತ್ರವೇ ಗತಿ. ಎರಡು ವರ್ಷ ಮೊದಲೇ ಮಾದರಿ ಬರೆಸಿಟ್ಟುಕೊಳ್ಳಿ.