ಮನೆಗೊಂದು ಹಳೇ ಜೀಪು ಬಂದರೆ

ಸಂಜೆ ಕಾಫಿ ಕುಡೀತಾ ಯಜಮಾನರು, "ಎಲ್ಲೋ ಒಂದು ಹಳೇ ಜೀಪು ಮಾರಾಟಕ್ಕಿದೆಯಂತೆ, ನೋಡ್ಕೊಂಡು ಬರ್ಲಾ?" ಅಂತ ಮೆಲ್ಲಗೆ ಕೇಳಿದರೆ ನೀವೇನು ಹೇಳುತ್ತೀರಿ? "ಮೊದಲು ಕೆಟ್ಟಿರೋ ಮಿಕ್ಸಿ ರಿಪೇರಿ ಮಾಡಿಸಿ" ಅಂತ ತಾನೆ?

ಆದರೆ ಸೋದರಿಯರೇ, ಗಂಡಸರಿಗೆ ಈ ಹುಚ್ಚು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ನಾವು ಮುಖ ತಿರುಗಿಸಿ ಕೂತರೆ ದುಡ್ಡೂ ಹೋಗುತ್ತದೆ, ಮನಸ್ತಾಪವೂ ಉಳಿಯುತ್ತದೆ. ಅದರ ಬದಲು ಲೆಕ್ಕದ ಪುಸ್ತಕ ಮತ್ತು ಕಾಗದಪತ್ರ ನಮ್ಮ ಕೈಯಲ್ಲಿರಲಿ, ಸ್ಪ್ಯಾನರು ಅವರ ಕೈಯಲ್ಲಿರಲಿ. ನಮ್ಮ ಮನೆಯ ಜೀಪು ರಸ್ತೆಗಿಳಿಯಲು ಎರಡು ವರ್ಷ ಹಿಡಿಯಿತು. ಆಗ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಜೀಪಿನ ಮೇಲೇಕೆ ಇಷ್ಟು ಪ್ರೀತಿ?

ಮಹೀಂದ್ರ ಕಂಪನಿಯವರು 1947ರಲ್ಲಿ ಮುಂಬಯಿಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದರು. ಆಮೇಲೆ ಬಂದ ಎತ್ತರದ ಬಾನೆಟ್ಟಿನ ಜೀಪು ನಮ್ಮ ಮಲೆನಾಡಿನವರಿಗೆ ಮನೆಯ ಎತ್ತಿನ ಹಾಗೆ. ಅದರ ಪೆಟ್ರೋಲ್ ಇಂಜಿನ್ ಎತ್ತರವಾಗಿದ್ದುದರಿಂದಲೇ ಬಾನೆಟ್ಟೂ ಎತ್ತರ. ನಾಲ್ಕೂ ಚಕ್ರಕ್ಕೆ ಎಳೆತ ಸಿಗುವುದರಿಂದ ಕೆಸರಿನ ಏರು ಹತ್ತುತ್ತಿತ್ತು.

ನಮ್ಮದು ಹಿಂಬದಿ ತೆರೆದ ಉದ್ದನೆಯ ಜೀಪು. ಊರಲ್ಲಿ ಅದಕ್ಕೆ 'ಪಿಕಪ್' ಅಂತಲೇ ಹೆಸರು. ನಮ್ಮ ಮಾವನವರು ಅದರಲ್ಲೇ ಅಡಿಕೆ ಮೂಟೆ ಮಂಡಿಗೆ ಒಯ್ದರು, ಗೊಬ್ಬರ ತಂದರು. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಸೇರಿಸಿದರು. ಅವರ ಕಣ್ಣು ಮಂದವಾದ ಮೇಲೆ ಹನ್ನೆರಡು ವರ್ಷ ಅದು ಕೊಟ್ಟಿಗೆಯ ಪಕ್ಕ ಸೌದೆ ರಾಶಿಯ ನಡುವೆ ನಿಂತೇ ಇತ್ತು. ಅವರು ತೀರಿಕೊಂಡ ವರ್ಷವೇ ಗುಜರಿಯವನು ಬಂದು ತೂಕಕ್ಕೆ ಬೆಲೆ ಕಟ್ಟಿದ. ಯಜಮಾನರಿಗೆ ತಡೆಯಲಾಗಲಿಲ್ಲ, "ಇದನ್ನ ಓಡಿಸ್ತೀನಿ" ಅಂದುಬಿಟ್ಟರು.

ಮೊದಲು ಕಾಗದ, ಆಮೇಲೆ ಗಾಡಿ

ಹೊರಗಿನಿಂದ ಕೊಳ್ಳುವುದಾದರೆ ಇಂಜಿನ್ ಸದ್ದು ಕೇಳುವ ಮೊದಲು ಆರ್‌ಸಿ ನೋಡಿ. ಅದರಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಎರಡನ್ನೂ ಗಾಡಿಯ ಮೇಲಿನ ನಂಬರಿನೊಡನೆ ಒಂದೊಂದೇ ಅಂಕಿ ಹೋಲಿಸಿ. ಹಳೆಯ ಬಿಡಿಭಾಗ ಕೂಡಿಸಿ ಜೀಪು ಕಟ್ಟುವುದಕ್ಕೆ ಹರಿಯಾಣದ ಮಂಡಿ ಡಬವಾಲಿ ಹೆಸರಾದ ಊರು. ಎಲ್ಲೇ ಕಟ್ಟಿದ್ದಾಗಲಿ, ನೋಡಲು ಹೊಸದರಂತಿದ್ದರೂ ನಂಬರು ತಾಳೆಯಾಗದಿದ್ದರೆ ಕೊಳ್ಳಬೇಡಿ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದ್ದರೆ ಅದಕ್ಕೆ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ನಮೂದಾಗಿರಬೇಕು.

ಸ್ವಂತ ಬಳಕೆಯ ಗಾಡಿಗೆ 15 ವರ್ಷವಾದ ಮೇಲೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಸರಕು ಸಾಗಣೆಗೆಂದು ನೋಂದಾಯಿಸಿದ ಪಿಕಪ್ಪಾದರೆ ನಿಯಮವೇ ಬೇರೆ. ಕೊಂಡಾಗ ಫಾರಂ 29 ಮತ್ತು 30 ತುಂಬಿ, 30 ದಿನದೊಳಗೆ ಹೆಸರು ಬದಲಾವಣೆಗೆ ಕೊಡಬೇಕು. ಬೇರೆ ರಾಜ್ಯದ್ದಾದರೆ ಅಲ್ಲಿನ ಎನ್‌ಓಸಿ ಬೇಕು. ವಿಮೆಯಂತೂ ಇರಲೇಬೇಕು.

ಹಿರಿಯರು ಬಿಟ್ಟುಹೋದ ಗಾಡಿಗೆ ಬೇರೆ ಫಾರಂ, ನಂಬರು 31. ಅದರ ಜೊತೆ ಮರಣ ಪತ್ರ ಬೇಕು, ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಈ ಮಾತನ್ನು ಹೆಂಗಸರು ಗಮನಿಸಬೇಕು. ಜೀಪು ಗಂಡನ ಅಪ್ಪನದು ಅಂದಮಾತ್ರಕ್ಕೆ ಗಂಡನದೇ ಅಲ್ಲ, ನಾದಿನಿಯರದೂ ಹೌದು. ನಮ್ಮ ಅತ್ತೆ ಮತ್ತು ನಾದಿನಿಯರಿಬ್ಬರ ಸಹಿ ಪಡೆದ ಮೇಲೆಯೇ ಒಂದು ನಟ್ಟು ಬಿಚ್ಚಿದ್ದು. ದೊಡ್ಡ ನಾದಿನಿ, "ಅಪ್ಪನ ಗಾಡಿ ಗುಜರಿಗೆ ಹೋಗದಿದ್ರೆ ಸಾಕು ಅತ್ತಿಗೆ, ನಮ್ಮನ್ನೂ ಒಂದು ರೌಂಡು ಕರ್ಕೊಂಡು ಹೋಗಿ" ಅಂದರು. ಸಹಿಗಿಂತ ಆ ಮಾತು ದೊಡ್ಡದು.

ತುಕ್ಕು ಹುಡುಕುವ ಬಗೆ

ಇಂಜಿನ್ ಕೆಟ್ಟರೆ ಸರಿಮಾಡಬಹುದು, ಚಾಸಿ ತುಕ್ಕು ಹಿಡಿದು ಟೊಳ್ಳಾಗಿದ್ದರೆ ಖರ್ಚಿಗೆ ಕೊನೆಯಿಲ್ಲ. ನಮ್ಮ ಮಳೆಯ ಊರಿನ ಗಾಡಿಯಂತೂ ಕೆಳಗಿನಿಂದ ಮೇಲಕ್ಕೆ ನೋಡಬೇಕು. ಚಾಪೆ ಎತ್ತಿ ನೆಲದ ತಗಡು ನೋಡಿ, ಚಕ್ರದ ಮೇಲಿನ ಮರೆ ನೋಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ, ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ತಟ್ಟಿ ನೋಡಿದ ಹಾಗೇ. ಫ್ರಿಜ್ಜಿನ ಬಾಗಿಲಿನ ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಬಾಡಿಯ ಮೇಲೆ ಆಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಬಣ್ಣದ ಕೆಳಗೆ ದಪ್ಪ ಪುಟ್ಟಿ ಮೆತ್ತಿರಬಹುದು.

ಬಿಚ್ಚುವಾಗ ನಮ್ಮ ಕೆಲಸ

ಬಹುದಿನ ನಿಂತ ಇಂಜಿನ್ನಿಗೆ ಬ್ಯಾಟರಿ ಹಾಕಿ ಅಂದೇ ಸ್ಟಾರ್ಟ್ ಮಾಡಲು ಹೋಗಬಾರದು. ಒಳಗೆ ಪಿಸ್ಟನ್ ಅಂಟಿಕೊಂಡಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ತುಸು ಇಂಜಿನ್ ಆಯಿಲ್ ಬಿಟ್ಟು, ಕೆಲವು ದಿನ ನೆನೆಯಗೊಟ್ಟು, ಆಮೇಲೆ ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು. ಟ್ಯಾಂಕಿನ ಹಳೇ ಪೆಟ್ರೋಲ್ ಅಂಟಾಗಿರುತ್ತದೆ, ಪೂರ್ತಿ ತೆಗೆಯಬೇಕು.

ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ನಟ್ಟು ಬೋಲ್ಟುಗಳಿಗೆ ನಾನು ಖಾಲಿ ಹಾರ್ಲಿಕ್ಸ್ ಬಾಟಲಿಗಳನ್ನು ಕೊಟ್ಟು, 'ಎಡ ಬಾಗಿಲು', 'ರೇಡಿಯೇಟರ್' ಎಂದು ಚೀಟಿ ಅಂಟಿಸಿದೆ. ಉಪ್ಪಿನಕಾಯಿ ಬಾಟಲಿಗೆ ಚೀಟಿ ಹಚ್ಚುವ ನಮಗೆ ಇದೇನು ಕಷ್ಟ? ಎಂಟು ತಿಂಗಳ ಮೇಲೆ ಜೋಡಿಸುವಾಗ ಆ ಚೀಟಿಗಳೇ ದಾರಿ ತೋರಿಸಿದವು.

ಬ್ರೇಕು ಮತ್ತು ಸ್ಟಿಯರಿಂಗ್ ಮೊದಲು, ಇಂಜಿನ್ ಆಮೇಲೆ, ವೈರಿಂಗ್, ಟಿಂಕರಿಂಗ್ ಅನಂತರ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಗಂಡಸರಿಗೆ ಬಣ್ಣದ ಅವಸರ ಹೆಚ್ಚು, ಬಿಡಬೇಡಿ! ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಬಹುದು. ಹಳೆಯ ಭಾಗವನ್ನು ಕೈಯಲ್ಲೇ ಒಯ್ದು ಹೋಲಿಸಿ ತನ್ನಿ.

ಪೆಟ್ರೋಲಿನ ಬಗ್ಗೆಯೂ ಎರಡು ಮಾತು. ಆ ಕಾಲದ ಪೆಟ್ರೋಲಿನಲ್ಲಿ ಸೀಸವಿತ್ತು, 2000ರಲ್ಲಿ ಅದನ್ನು ದೇಶದಾದ್ಯಂತ ನಿಲ್ಲಿಸಿದರು. ಆದ್ದರಿಂದ ಇಂಜಿನ್ ಬಿಚ್ಚಿದಾಗ ವಾಲ್ವ್ ಸೀಟುಗಳನ್ನು ಗಟ್ಟಿ ಲೋಹದ್ದಕ್ಕೆ ಬದಲಿಸಬೇಕೇ ಎಂದು ಲೇತಿನವರನ್ನು ಕೇಳಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಹಳೇ ರಬ್ಬರನ್ನು ಹಾಳುಮಾಡುತ್ತದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿಸಿ. ಸೋರಿದರೆ ಬೆಂಕಿಯ ಭಯ.

ಮಕ್ಕಳಿರುವ ಮನೆಯಲ್ಲಿ

ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು, ಗಟ್ಟಿ ಸ್ಟ್ಯಾಂಡ್ ಕೊಡಲೇಬೇಕು. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಇಡಬಾರದು, ಒಲೆಯ ಹತ್ತಿರವಂತೂ ತರಲೇಬಾರದು. ಹಳೇ ಬ್ರೇಕಿನ ಧೂಳಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಊದದೆ, ಗುಡಿಸದೆ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಬಣ್ಣ ಮತ್ತು ವಿಂಟೇಜ್ ನಂಬರು

ಮಿಲಿಟರಿ ಹಸಿರು ಬಳಿಸಲು ಎಷ್ಟೋ ಜನರಿಗೆ ಆಸೆ. ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ, ನಮಗೆ ನಿಷಿದ್ಧ. ಬೇರೆ ಬಣ್ಣಕ್ಕೆ ಬದಲಿಸಿದರೂ ಆರ್‌ಸಿಯಲ್ಲಿ ತಿದ್ದಿಸಬೇಕು.

ಧರ್ಮಸ್ಥಳಕ್ಕೆ ಹೋದಾಗ ಹಳೇ ಕಾರುಗಳ ಸಂಗ್ರಹ ನೀವೂ ನೋಡಿರಬಹುದು. ಅಂಥ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಬೇರೆಯೇ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪ ಉಳಿದಿರುವ, ಬಾಡಿಗೆಗಲ್ಲದ ವಾಹನಕ್ಕೆ 'ವಿಎ' ಅಕ್ಷರವಿರುವ ನಂಬರು ಸಿಗುತ್ತದೆ. ನಿಯಮ ಬಂದಾಗ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. ದಿನಾ ತೋಟಕ್ಕೆ ಓಡಿಸುವವರಿಗೆ ಅದು ಬೇಡ.

ದುಡ್ಡಿನ ಮಾತು

ಇದು ಮೂಗಿಗಿಂತ ಮೂಗುತಿ ಭಾರದ ವ್ಯವಹಾರ. ಗಾಡಿಗೆ ಕೊಟ್ಟದ್ದಕ್ಕಿಂತ ರಿಪೇರಿಗೇ ಹೆಚ್ಚಾಗುವುದುಂಟು. ನಮ್ಮಲ್ಲಿ ಮೂರು ಕರಾರು ಮಾಡಿಕೊಂಡೆವು. ಒಡವೆ ಮುಟ್ಟುವಂತಿಲ್ಲ, ಸಾಲ ಮಾಡುವಂತಿಲ್ಲ, ಮಗಳ ಕಾಲೇಜಿನ ಠೇವಣಿಗೆ ಕೈ ಹಾಕುವಂತಿಲ್ಲ.

ಇಂಜಿನ್ ಬೋರಿಂಗ್ ಹಂತಕ್ಕೆ ಬಂದಾಗ ಗ್ಯಾರೇಜಿನವನು ದೊಡ್ಡ ಮೊತ್ತವನ್ನು ಮುಂಗಡ ಕೇಳಿದ. ಯಜಮಾನರು, "ಠೇವಣಿ ಮುರಿಯೋಣ ಕಣೇ, ಅಡಿಕೆ ಮಾರಿದ ಕೂಡಲೇ ತುಂಬಿಸಿಬಿಡ್ತೀನಿ" ಅಂದರು. ನಾನು ಒಪ್ಪಲಿಲ್ಲ. ನಾಲ್ಕು ದಿನ ಮಾತು ಕಡಿಮೆಯಾಯಿತು. ಎಂಟು ತಿಂಗಳು ಜೀಪು ಮರದ ದಿಮ್ಮಿಯ ಮೇಲೆ ಕೂತಿತು. ಆ ವರ್ಷ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಅರ್ಧವೂ ಕೈಗೆ ಬರಲಿಲ್ಲ. ಮಗಳ ಫೀಸು ಠೇವಣಿಯಿಂದಲೇ ಕಟ್ಟಿದೆವು. ಕಟ್ಟಿ ಬಂದ ದಿನ ಅವರೇ ಲೆಕ್ಕದ ಪುಸ್ತಕ ತಂದು ನನ್ನ ಕೈಲಿಟ್ಟು, "ಇನ್ನು ನೀನು ಹೂಂ ಅಂದ್ರೆ ಮಾತ್ರ ಖರ್ಚು" ಅಂದರು. ಮುಂದಿನ ಫಸಲಿನಲ್ಲಿ ಇಂಜಿನ್ ಆಯಿತು. ಸೀಟಿನ ಕವರು ನಾನೇ ಹೊಲಿದೆ.

ಕಾಗದ ಸರಿಯಿಲ್ಲದಿದ್ದರೆ, ಚಾಸಿ ಕೊಳೆತಿದ್ದರೆ, ಸಾಲದ ದುಡ್ಡೇ ಬೇಕಾದರೆ, ಮಳೆಗೆ ನೆನೆಯದ ಜಾಗವಿಲ್ಲದಿದ್ದರೆ ಹಳೇ ಜೀಪು ಬೇಡವೇ ಬೇಡ, ಖಂಡಿತವಾಗಿ ಬೇಡವೆನ್ನಿ. ಈ ನಾಲ್ಕೂ ನೆಟ್ಟಗಿದ್ದರೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ಕೈಯಲ್ಲಿರುವ ಹಣ ಬರೆದು, ಆಮೇಲೆ ಹೂಂ ಅನ್ನಿ.