ಆವಿಯ ಬಂಡಿಗೆ ಹಳೇಬೀಡಿನ ಗಾಲಿ

ಅರಸೀಕೆರೆ ಎಂದೊಡನೆ ನೆನಪಾಗುವುದು ಎರಡು: ತೆಂಗು ಮತ್ತು ರೈಲು. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ದಾರಿಗಳು ಕೂಡುವ ಈ ಜಂಕ್ಷನ್ನಿನಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲ ಎಂಜಿನ್ನುಗಳು ಬುಸುಗುಡುತ್ತಾ ನಿಲ್ಲುತ್ತಿದ್ದವು. ಆ ಹೊಗೆಬಂಡಿಯ ಕಾಲ ಮುಗಿಯಿತು ಅಂದುಕೊಂಡಿರಾ? ಈಗಿನ ಮಕ್ಕಳು ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಮತ್ತೆ ಓಡಿಸುತ್ತಿದ್ದಾರೆ!

ಇದಕ್ಕೆ 'ಸ್ಟೀಮ್‌ಪಂಕ್' ಅಂತ ಹೆಸರು. ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೀಟರ್ 1987ರಲ್ಲಿ ಹುಟ್ಟುಹಾಕಿದ ಮಾತು. ಪೆಟ್ರೋಲು, ವಿದ್ಯುತ್ತಿನ ಬದಲು ಆವಿಯೇ ಲೋಕವನ್ನು ನಡೆಸಿದ್ದರೆ ನಮ್ಮ ಕಾರು, ಬಸ್ಸು, ವಿಮಾನ ಹೇಗಿರುತ್ತಿದ್ದವು? ಹಿತ್ತಾಳೆಯ ಕೊಳವೆ, ತಾಮ್ರದ ಬಾಯ್ಲರು, ಹಲ್ಲುಚಕ್ರಗಳನ್ನು ಸೇರಿಸಿ ಅಂಥ ವಾಹನವನ್ನು ಕಲ್ಪಿಸಿ ಬರೆಯುವುದೇ ಈ ಚಿತ್ರಕಲೆ.

ಈ ಕಲ್ಪನೆಗೆ ನಮ್ಮ ದೇಶದ ನಂಟೂ ಉಂಟು. ಫ್ರಾನ್ಸಿನ ಜೂಲ್ಸ್ ವರ್ನ್ 1880ರಲ್ಲಿ ಬರೆದ ಕಾದಂಬರಿಯಲ್ಲಿ, ಸೊಂಡಿಲಿನಿಂದ ಹೊಗೆ ಬಿಡುವ ಉಕ್ಕಿನ ಆನೆಯೊಂದು ಗಾಲಿಯ ಮೇಲಿನ ಎರಡು ಮನೆಗಳನ್ನು ಎಳೆದುಕೊಂಡು ಭಾರತವನ್ನೇ ಸುತ್ತುತ್ತದೆ. ಆತ ಹುಟ್ಟಿದ ನಾಂತ್ ಪಟ್ಟಣದಲ್ಲಿ 2007ರಿಂದ 12 ಮೀಟರ್ ಎತ್ತರದ ಯಂತ್ರದ ಆನೆ ಜನರನ್ನು ಹೊತ್ತು ನಡೆಯುತ್ತಿದೆ.

ಆನೆ, ರಥ ಅಂದರೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕೆ? ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲು ಆನೆಗಳದು. ಮೇಲಿನ ಪುರಾಣದ ಸಾಲಿನಲ್ಲಿ ಮಹಾಭಾರತ ಯುದ್ಧದ ರಥಗಳಿವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವನ ಗುಡಿಯೊಳಗೆ ತಿರುಗಣೆಗೆ ಹಿಡಿದು ಕಡೆದಂಥ ನುಣುಪು ಕಂಬಗಳಿವೆ. 2023ರಲ್ಲಿ ಯುನೆಸ್ಕೋ ಈ ಗುಡಿಗಳನ್ನು ಸೋಮನಾಥಪುರದ ಗುಡಿಯೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಬೀದಿಯ ಪಿಯುಸಿ ಹುಡುಗಿಯೊಬ್ಬಳು ಹಳೇಬೀಡಿನ ರಥದ ಗಾಲಿಯನ್ನೇ ಮಾದರಿಯಾಗಿಟ್ಟು ಆವಿಯ ಬಸ್ಸೊಂದನ್ನು ಬರೆದಿದ್ದಾಳೆ. ನೋಡಿದ ಅಜ್ಜಿ ಕೇಳಿದರಂತೆ, "ಚೆನ್ನಾಗಿದೆ ಕಣೇ, ನೀರು ಎಲ್ಲಿ ಹುಯ್ಯೋದು?"

ಇಡೀ ವಿದ್ಯೆ ಆ ಒಂದು ಪ್ರಶ್ನೆಯಲ್ಲಿದೆ! ಕುಕ್ಕರಿನಲ್ಲಿ ಆವಿ ಸೇರಿದಾಗ ಮೇಲಿನ ವೆಯ್ಟು ಎದ್ದು ಕೂಗುವುದನ್ನು ದಿನಾ ನೋಡುತ್ತೇವಲ್ಲ? ಎಂಜಿನ್ನಿನಲ್ಲಿ ಅದೇ ಒತ್ತಡ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ನು ಸರಳನ್ನು, ಸರಳು ಗಾಲಿಯನ್ನು. ಬೆಂಕಿ ಎಲ್ಲಿ, ನೀರು ಎಲ್ಲಿ, ಹೊಗೆ ಎತ್ತ ಹೋಗಬೇಕು, ಕೂರುವವರಿಗೆ ಬಿಸಿ ತಾಗದಂತೆ ಹೇಗೆ? ಇಷ್ಟಕ್ಕೂ ಉತ್ತರವಿದ್ದರೇನೇ ಅದು ವಾಹನ. ಇಲ್ಲದಿದ್ದರೆ ಬರೀ ಅಲಂಕಾರ. ಹುಡುಗಿ ನಾಲ್ಕು ಸಲ ಅಳಿಸಿ ಬರೆದಳು.

ಅವಳ ತಂದೆಗೆ ಮಾತ್ರ ಒಂದೇ ಚಿಂತೆ: "ಇದು ಹೊಟ್ಟೆ ತುಂಬಿಸುತ್ತೇನಮ್ಮಾ?" ನ್ಯಾಯವಾದ ಮಾತೇ. ಆದರೆ ಸಿನಿಮಾ, ಆಟಗಳು, ವಾಹನ ಕಂಪನಿಗಳು, ಎಲ್ಲಕ್ಕೂ ಮೊದಲು ಇಂಥ ಕಲ್ಪನೆಯ ಚಿತ್ರ ಬೇಕು. ಐಐಟಿ ಬಾಂಬೆ ನಡೆಸುವ 'ಯುಸೀಡ್' ಎಂಬ ವಿನ್ಯಾಸ ಪ್ರವೇಶ ಪರೀಕ್ಷೆಯನ್ನು ವಿಜ್ಞಾನವೇ ಅಲ್ಲ, ವಾಣಿಜ್ಯ, ಕಲೆ ಓದಿದವರೂ ಬರೆಯಬಹುದು. ವಯಸ್ಸಿನ ನಿಯಮವನ್ನು ಮೊದಲೇ ನೋಡಿಕೊಳ್ಳಿ.

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ಒಂದಿಷ್ಟು ಮಾಡಿ. ಕ್ರಿಟಾ, ಬ್ಲೆಂಡರ್ ಎಂಬ ಚಿತ್ರ ಬರೆಯುವ ತಂತ್ರಾಂಶಗಳು ದುಡ್ಡಿಲ್ಲದೆ ಸಿಗುತ್ತವೆ. ಆದರೆ ಮೊದಲು ಪೆನ್ಸಿಲು ಹಿಡಿಸಿ, ಗುಡಿಯ ಗೋಡೆಯ ಮುಂದೆ ಕೂರಿಸಿ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಹಳೆಯ ಎಂಜಿನ್ನುಗಳನ್ನು ಹತ್ತಿರದಿಂದ ತೋರಿಸಿ. ಚಿತ್ರ ತಂದು ತೋರಿಸಿದಾಗ "ಚೆನ್ನಾಗಿದೆ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಬೇಡಿ. ಆ ಅಜ್ಜಿಯ ಹಾಗೆ ಒಂದು ಪ್ರಶ್ನೆ ಕೇಳಿ.